ಒಂದು ಗೇಣು ಉಸಿರು

ಹೆರ್ಡಿಸ್ ಲೌರಿಟ್ಸೆನ್ ಕೂತೆದ್ದ ಕುರ್ಚಿ ಬೆಚ್ಚಗಾಗಿದ್ದನ್ನು ಕಂಡವರಿಲ್ಲ. ಊಟದ ನಡುವೆ ಎದ್ದು ಕಿಟಕಿಗೆ ಹೋಗುವಳು, ಕಾಫಿ ಬಸಿದುಕೊಂಡು ಕುಡಿಯದೆ ಬಾಗಿಲಿಗೆ ಹೋಗುವಳು, ನಿಂತಲ್ಲೂ ಒಂದು ಮೊಣಕಾಲು ಕುಣಿಯುತ್ತಲೇ ಇರುವುದು. “ಹೊಟ್ಟೇಲಿದ್ದಾಗ್ಲೂ ಹೀಗೇ ಇವ್ಳು. ಒಂದು ಬಲೆ ನೆಟ್ಟಗೆ ಹೆಣೆಯೋಕೆ ಬಿಡ್ಲಿಲ್ಲ,” ಎನ್ನುತ್ತಿದ್ದಳು ಅವಳ ತಾಯಿ ಆಲ್ವಿಲ್ಡ.

ಇಂಥ ಹುಡುಗಿಯನ್ನು ದಿನಕ್ಕೆ ಒಂದಿಷ್ಟು ಹೊತ್ತು ಅಲುಗದೆ ಕೂರಿಸುತ್ತಿದ್ದುದು ರೇಡಿಯೋ ಒಂದೇ. ದೇಶದ ಉತ್ತರ ತುದಿಯ ಸ್ಕಾರ್ವಾಯ್ ದ್ವೀಪದಲ್ಲಿ ಮೀನುಗಾರರ ಹವಾಮಾನ ವರದಿ ಬಂತೆಂದರೆ ಯಾರೂ ಕೆಮ್ಮುವ ಹಾಗಿರಲಿಲ್ಲ. ಅಪ್ಪ ಚಮಚವನ್ನು ಅರ್ಧದಲ್ಲೇ ಹಿಡಿದು ಕೂತುಬಿಡುತ್ತಿದ್ದ. ಮೀನಿನ ಸಾರು ತೊಟ್ಟಿಕ್ಕಿ ಅಂಗಿ ನೆನೆದರೂ ಕೆಳಗೆ ನೋಡುತ್ತಿರಲಿಲ್ಲ. ದಕ್ಷಿಣದ ಯಾವನೋ ಒಬ್ಬ, ಸಮುದ್ರ ಕಂಡಿದ್ದಾನೋ ಇಲ್ಲವೋ, ಗಾಳಿ ಯಾವ ದಿಕ್ಕಿನಿಂದ ಎಷ್ಟು ಜೋರು ಎಂದು ಓದುತ್ತಿದ್ದ. ಅಪ್ಪನ ನಾಳೆಯೆಲ್ಲ ಆ ಗಂಟಲಲ್ಲಿತ್ತು. ಏಳು ವರ್ಷದ ಹೆರ್ಡಿಸ್ ಒಂದು ದಿನ ತಡೆಯಲಾರದೆ ಕೇಳಿಬಿಟ್ಟಳು: “ಅಪ್ಪಾ, ಆ ಮನುಷ್ಯ ಉಸಿರೇ ಆಡಲ್ವಾ?”

ಅಪ್ಪನಿಗೆ ಅವತ್ತಿನ ಗಾಳಿ ತಪ್ಪಿಹೋಯಿತು. ಹೆರ್ಡಿಸಳಿಗೆ ಸಾರು ತಪ್ಪಿಹೋಯಿತು.

ಅವಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹತ್ತೊಂಬತ್ತು ವರ್ಷದ ಮೇಲೆ, ರಾಜಧಾನಿ ಓಸ್ಲೋದಲ್ಲಿ. ಅಷ್ಟರಲ್ಲಿ ಅವಳು ಕಾರ್ಖಾನೆಯಲ್ಲಿ ಮೀನು ಸೀಳಿದ್ದಳು, ಪಟ್ಟಣದ ಪತ್ರಿಕೆಗೆ ಹಡಗುಗಳು ಬಂದುಹೋದ ಸುದ್ದಿ ಬರೆದಿದ್ದಳು, ಎಲ್ಲಿಯೂ ಎರಡು ಚಳಿಗಾಲ ಪೂರ್ತಿ ನಿಲ್ಲದೆ ಕೊನೆಗೆ ರೇಡಿಯೋಗೆ ಬಂದು ಸೇರಿದ್ದಳು. ಅಲ್ಲಿ ಹೊಸಬರಿಗೆ ಮಾತು ಕಲಿಸಲು ಕ್ರಾಗ್ ಮೇಡಂ ಎಂಬ ಬೆಳ್ಳಿಕೂದಲಿನ ಹೆಂಗಸೊಬ್ಬಳಿದ್ದಳು.

“ಉಸಿರು ಅಂದ್ರೆ ಒಳಲಂಗ ಇದ್ದ ಹಾಗೆ, ಕುಮಾರಿ ಲೌರಿಟ್ಸೆನ್,” ಎಂದಳು ಕ್ರಾಗ್ ಮೇಡಂ. “ಇರ್ಬೇಕು. ಕಾಣಬಾರ್ದು. ಮತ್ತೆ ನಿಮ್ಮ ಕಡೆಯವ್ರು ಒಳಕ್ಕೆಳ್ಕೊಂಡು ‘ಹೌದು’ ಅಂತೀರಲ್ಲ, ಅದು ಇವತ್ತೇ ನಿಲ್ಬೇಕು. ಮೈಕಿಗೆ ಹಸು ನೀರು ಕುಡಿದ ಹಾಗೆ ಕೇಳುತ್ತೆ.”

ಸ್ಕಾರ್ವಾಯ್‌ನವರು ಹೌದು ಎನ್ನುವುದಕ್ಕೆ ದನಿ ಖರ್ಚು ಮಾಡುವವರಲ್ಲ. ತುಟಿ ಕಿರಿದು ಮಾಡಿ ಪುಟ್ಟದೊಂದು ಉಸಿರನ್ನು ಒಳಗೆಳೆದುಕೊಂಡರೆ ಅದೇ ಹೌದು. ದಕ್ಷಿಣದಲ್ಲೂ ಈ ರೂಢಿ ಉಂಟು, ಆದರೆ ಅವರು ಜೊತೆಗೆ ಒಂದಿಷ್ಟು ದನಿ ಸೇರಿಸುತ್ತಾರೆ. ಇಲ್ಲಿ ಬರೀ ಗಾಳಿ. ಒಮ್ಮೆ ದ್ವೀಪಕ್ಕೆ ಬಂದ ಹೊಸ ಪಾದ್ರಿ ಮದುಮಗಳನ್ನು ಮೂರು ಸಲ ಒಪ್ಪಿಗೆ ಕೇಳಿ, ಉತ್ತರ ಬರಲಿಲ್ಲವೆಂದು ಪುಸ್ತಕ ಮುಚ್ಚಲು ಹೊರಟಿದ್ದ. ಆ ಹುಡುಗಿ ಮೂರು ಸಲವೂ ಹೌದೆಂದಿದ್ದಳು, ಕೊನೆಯ ಸಲ ಸಿಟ್ಟಿನಿಂದ. ಉಸಿರನ್ನೂ ಎಳೆಯದೆ ಸುಮ್ಮನಿದ್ದರೆ ಮಾತ್ರ ಅಲ್ಲಿ ಅದು ಇಲ್ಲ ಎಂದ ಹಾಗೆ.

ಹೆರ್ಡಿಸ್ ಹಟಮಾರಿ. ಆರು ತಿಂಗಳಲ್ಲಿ ಊರಿನ ಮಾತನ್ನು ನಾಲಿಗೆಯಿಂದ ತೊಳೆದುಕೊಂಡಳು, ಉಸಿರನ್ನು ಎಲ್ಲೋ ಪಕ್ಕೆಲುಬಿನ ಸಂದಿಯಲ್ಲಿ ಬಚ್ಚಿಟ್ಟಳು. ಆಮೇಲೆ ಬ್ಲೇಡು ಕೈಗೆ ಬಂತು. ಧ್ವನಿಮುದ್ರಿಸಿದ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಬೇಡದ್ದನ್ನು ತೆಗೆದೆಸೆದು, ತುದಿಗೆ ತುದಿ ಕೂಡಿಸಿ ಅಂಟುಪಟ್ಟಿ ಹಚ್ಚುವ ಕೆಲಸ. ಅವಳ ಚಡಪಡಿಕೆಗೆ ಹೇಳಿ ಮಾಡಿಸಿದ ಹಾಗಿತ್ತು. ಅನುಮಾನ, ತೊದಲು, ಕೆಮ್ಮು, ಉಸಿರು ಎಲ್ಲ ಅವಳ ಕಾಲಬುಡದ ಬುಟ್ಟಿಗೆ. ಅವಳ ಕಾರ್ಯಕ್ರಮದಲ್ಲಿ ಮಂತ್ರಿಗಳೂ ಮೀನುಗಾರರೂ ಒಂದೇ ಸಮನೆ ನುಣ್ಣಗೆ ಮಾತಾಡುತ್ತಿದ್ದರು. ಮೂವತ್ತನೇ ವಯಸ್ಸಿಗೆ ಅವಳಿಗೆ ಹೆಸರು ಬಂದಿತ್ತು. ಮೂವತ್ತೆರಡಕ್ಕೆ ಉತ್ತರದ ಪಟ್ಟಣದ ಕೇಂದ್ರಕ್ಕೆ ಕಳಿಸಿದರು. ಹುಟ್ಟಿದ ದ್ವೀಪ ಅಲ್ಲಿಂದ ಹಡಗಿನಲ್ಲಿ ಆರು ಗಂಟೆ.

ಎಪ್ಪತ್ತೊಂದನೇ ಇಸವಿಯ ಫೆಬ್ರವರಿಯಲ್ಲಿ ಅವಳು ಸ್ಕಾರ್ವಾಯ್ ಬಗ್ಗೆಯೇ ಒಂದು ಕಾರ್ಯಕ್ರಮ ಮಾಡಿದಳು. ಹನ್ನೆರಡು ವರ್ಷದ ಹಿಂದೆ ಅಲ್ಲಿ ಒಂದು ದುರಂತ ನಡೆದಿತ್ತು. ಒಂದೇ ಬೆಳಿಗ್ಗೆ ಎರಡು ದೋಣಿ ಹೊರಟಿದ್ದವು: ಒಂದರಲ್ಲಿ ಪೇಡರ್ ಮತ್ತು ಅವನ ತಮ್ಮ, ಇನ್ನೊಂದರಲ್ಲಿ ಹಾರ್ಟ್‌ವಿಗ್ ಒಬ್ಬನೇ. ಬಿರುಗಾಳಿ ಎದ್ದಿತು. ಹಾರ್ಟ್‌ವಿಗ್ ಒಬ್ಬನೇ ತಿರುಗಿ ಬಂದ. ಅವನು ಹಿಂದೆ ಹೋಗಿ ಹುಡುಕಿಯೇ ಬಂದಿರುತ್ತಾನೆಂದು ಊರು ನಂಬಿತ್ತು. ನಂಬಿದ್ದರಿಂದ ಯಾರೂ ಕೇಳಿರಲಿಲ್ಲ, ಕೇಳದಿದ್ದುದರಿಂದ ಅವನೂ ಹೇಳಿರಲಿಲ್ಲ. ಈಗ ಸತ್ತವರ ಹೆಸರು ಕೆತ್ತಿದ ಕಲ್ಲೊಂದನ್ನು ನಿಲ್ಲಿಸುವವರಿದ್ದರು. ಹಾರ್ಟ್‌ವಿಗ್ ಆಲ್ವಿಲ್ಡಳ ದೊಡ್ಡಪ್ಪನ ಮಗ, ಹೆರ್ಡಿಸಳಿಗೆ ಮಾವನಾಗಬೇಕು. ತಾಯಿಯ ಅಡುಗೆಮನೆಯಲ್ಲಿ, ಒಲೆಯ ಮೇಲೆ ಕಾಫಿ ಕೆಟಲ್ ಸಿಳ್ಳೆ ಹಾಕುತ್ತಿರುವಾಗ, ಅವಳು ಮೈಕು ಹಿಡಿದು ಅವನನ್ನು ಕೇಳಿದ್ದಳು: “ಹಾರ್ಟ್‌ವಿಗ್ ಮಾವ, ಅವತ್ತು ಅವ್ರನ್ನ ಹುಡುಕೋಕೆ ನೀನು ದೋಣಿ ಹಿಂದಕ್ಕೆ ತಿರುಗಿಸಿದ್ಯಾ?”

ಮಂಗಳವಾರ ಕಾರ್ಯಕ್ರಮ ಪ್ರಸಾರವಾಯಿತು. ಮುಂದಿನ ಮಂಗಳವಾರ ತಾಯಿಯ ಫೋನು ಬಂತು.

ಸ್ಕಾರ್ವಾಯ್‌ಗೆ ಇದ್ದುದು ಒಂದೇ ಫೋನು, ಪೆಟ್ರೀನಳ ಅಂಗಡಿಯಲ್ಲಿ. ಪೆಟ್ರೀನ ಮುಳುಗಿಹೋದ ಪೇಡರನ ಹೆಂಡತಿ.

“ಹೆರ್ಡಿಸ್, ನಾನು. ಎಲ್ರೂ ಇಲ್ಲೇ ಕೂತಿದಾರೆ, ಕೇಳಿಸ್ಕೊಳ್ಲಿ ಬೇಕಾದ್ರೆ. ಹಾರ್ಟ್‌ವಿಗ್ ಹೇಳಿದ ಹೌದು ಎಲ್ಲಿ ಹೋಯ್ತು?”

“ಯಾವ ಹೌದು ಅಮ್ಮ?”

“ಯಾವ್ದು ಅಂತೀಯಲ್ಲೇ! ತಿರುಗಿಸಿದ್ಯಾ ಅಂತ ನೀನು ಕೇಳ್ದೆ. ಅವ್ನು ಹೌದು ಅಂದ. ನಾನು ಅಲ್ಲೇ ನಿಂತು ಕಾಫಿ ಬಸೀತಿದ್ದೆ. ರೇಡಿಯೋದಲ್ಲಿ ಅವ್ನು ಅನ್ಲಿಲ್ಲ. ನೀನು ಕೇಳ್ತೀಯ, ಆಮೇಲೆ ಸುಮ್ನಿರ್ತಾನೆ, ಆಮೇಲೆ ‘ಅಲೆ ಮನೆಯೆತ್ತರ ಇತ್ತು, ಏನೂ ಕಾಣ್ತಿರ್ಲಿಲ್ಲ, ಮನೆಗ್ ಬಂದೆ’ ಅಂತಾನೆ. ಏನರ್ಥ ಬರುತ್ತೆ ಅದಕ್ಕೆ?”

ಹೆರ್ಡಿಸಳ ಮೊಣಕಾಲು ಕುಣಿಯುವುದನ್ನು ನಿಲ್ಲಿಸಿತು.

“ನೀನೇ ಹೇಳ್ಬೇಕಿತ್ತು ಅಮ್ಮ, ಅವ್ನು ಅಂದ ಅಂತ.”

“ಹೇಳ್ದೆ. ಮಗಳು ಮಾಡಿದ್ದನ್ನ ತಾಯಿ ಒರೆಸ್ತಿದಾಳೆ ಅಂದ್ರು. ರೇಡಿಯೋ ಯಾಕೆ ಸುಳ್ಳು ಹೇಳುತ್ತೆ ಅಂದ್ರು. ಪೆಟ್ರೀನ ಅವ್ನಿಗೆ ಕಾಫಿಪುಡಿ ಕಟ್ಟಿ ಕೊಟ್ಲು, ಮುಖ ನೋಡ್ಲಿಲ್ಲ. ಒಲೆ ಪಕ್ಕದ ಬೆಂಚಿನ ಮೇಲೆ ಯಾರೂ ಸರ್ಕೊಂಡು ಜಾಗ ಕೊಡ್ಲಿಲ್ಲ. ಅವತ್ತಿಂದ ಈ ಅಂಗಡಿಗೆ ಬಂದಿಲ್ಲ ಅವ್ನು. ಎಪ್ಪತ್ತೊಂದು ವಯಸ್ಸು, ಹೊಗೆಸೊಪ್ಪಿಗೂ ಕಾಫಿಗೂ ಹುಟ್ಟು ಹಾಕ್ಕೊಂಡು ಪಕ್ಕದ ದ್ವೀಪಕ್ಕೆ ಹೋಗ್ತಾನೆ, ಈ ಗಾಳೀಲಿ. ನೀನು ಮಾಡಿದ್ದು. ನೀನೇ ಸರಿ ಮಾಡು.”

ಫೋನು ಇಟ್ಟ ಶಬ್ದ ಪಟ್ಟಣದವರೆಗೂ ಕೇಳಿಸಿತು.

ಹೆರ್ಡಿಸ್ ಓಡಿಹೋಗಿ ಕಾರ್ಯಕ್ರಮದ ಟೇಪು ಹಾಕಿ ಕೇಳಿದಳು. ತನ್ನ ಪ್ರಶ್ನೆ, ಒಂದು ಕ್ಷಣ ಬರಿದು, ಆಮೇಲೆ ಅವನ ಮಾತು. ಪ್ರಶ್ನೆಯ ಬೆನ್ನಿಗೇ ಅಂಟುಪಟ್ಟಿಯ ಬಿಳಿ ಗೆರೆ, ನೀಟಾಗಿ, ಅವಳದೇ ಕೈಕೆಲಸ. ಯಾರ ಉಸಿರೆಂದು ನೋಡಲಿಲ್ಲ, ಏನು ಹೇಳುತ್ತಿದೆಯೆಂದು ಕೇಳಲಿಲ್ಲ. ಕೈ ತಾನಾಗಿ ಕತ್ತರಿಸಿತ್ತು. ತೊಟ್ಟಿಲಲ್ಲಿ ಮಲಗಿದ್ದಾಗಲೇ ಕಲಿತ ಮೊದಲ ಮಾತನ್ನು ಅವಳು ಗದ್ದಲವೆಂದು ಬುಟ್ಟಿಗೆ ಹಾಕಿದ್ದಳು.

ಮಾರನೆಯ ಬೆಳಿಗ್ಗೆಯ ಹಡಗು ಹತ್ತಿದಳು, ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು. ಆರು ಗಂಟೆಯಲ್ಲಿ ಆರು ನಿಮಿಷವೂ ಕೂರಲಿಲ್ಲ. ಹಡಗಿನ ಮುಂತುದಿಯಿಂದ ಹಿಂತುದಿಗೆ, ಹಿಂತುದಿಯಿಂದ ಮುಂತುದಿಗೆ. ಹಡಗಿನ ಅಡುಗೆಯವಳು ಕೊನೆಗೆ ಬಾಗಿಲಿಂದ ತಲೆ ಹಾಕಿ ಹೇಳಿದಳು: “ಯಮ್ಮಾ, ಹೀಗೆ ನಡೆದ್ರೆ ಹಡಗಿಗಿಂತ ಮುಂಚೆ ನೀನೇ ಹೋಗಿ ಸೇರ್ತೀಯ.”

ಹಾರ್ಟ್‌ವಿಗ್ ತನ್ನ ದೋಣಿಮನೆಯಲ್ಲಿ ಗಾಳಗಳಿಗೆ ಎರೆ ಸಿಕ್ಕಿಸುತ್ತ ಕೂತಿದ್ದ. ಅವಳು ಒಳಗೆ ಬಂದಾಗ ತಲೆಯೆತ್ತಲಿಲ್ಲ. ಇನ್ನೊಂದು ಪೀಪಾಯಿಯನ್ನು ಕಾಲಿನಿಂದ ಅವಳತ್ತ ನೂಕಿದ. ಸಣ್ಣ ಒಲೆಯ ಮೇಲಿಂದ ಕಾಫಿ ಬಸಿದು ಕೊಟ್ಟ.

“ಪಕ್ಕದ ದ್ವೀಪದ್ದು. ರುಚಿ ಇಲ್ಲ,” ಎಂದ.

“ತಪ್ಪು ನಂದು ಮಾವ. ನಿನ್ನ ಉತ್ತರ ನಾನೇ ಕತ್ತರಿಸಿಬಿಟ್ಟೆ. ಇನ್ನೊಂದ್ಸಲ ಕೇಳ್ತೀನಿ. ನೀನು ಇನ್ನೊಂದ್ಸಲ ಹೇಳು, ನಾಡಿದ್ದೇ ಹಾಕ್ತೀನಿ. ಒಂದು ನಿಮಿಷದ ಕೆಲಸ.”

ಅವನು ಸಕ್ಕರೆಯ ಹಳಕನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಬಸಿಯಿಂದ ಕಾಫಿ ಹೀರಿದ. ಮೂರು ಗಾಳಕ್ಕೆ ಎರೆ ಸಿಕ್ಕಿಸಿದ.

“ಹನ್ನೆರಡು ವರ್ಷ ಯಾರೂ ಕೇಳ್ಲಿಲ್ಲ,” ಎಂದ ಆಮೇಲೆ. “ನೀನು ಕೇಳ್ದೆ. ಹೇಳ್ದೆ. ಒಂದ್ಸಲ ಹೇಳಿದ್ರೆ ಹೇಳಿದ್ದು. ಎರಡ್ನೇ ಸಲ ಹೇಳಿದ್ರೆ ಬೇಡ್ಕೊಂಡ ಹಾಗೆ.”

“ಅಲ್ಲ ಮಾವ, ಅವ್ರಿಗೆ ಕೇಳ್ಸೇ ಇಲ್ವಲ್ಲ!”

“ನಾನ್ ಏನ್ ಮಾಡ್ಲಿ? ನನ್ನ ಹತ್ರ ಇದ್ದದ್ದನ್ನ ನಿನ್ನ ಕೈಗೆ ಕೊಟ್ಟೆ. ಕಳ್ಕೊಂಡೋಳು ನೀನು. ಹುಡುಕ್ಕೋ ಹೋಗು.”

ಅವನು ಮತ್ತೆ ಎರೆಯ ಬುಟ್ಟಿಗೆ ಕೈ ಹಾಕಿದ. ರೆಕಾರ್ಡರಿನ ಗುಂಡಿ ಒತ್ತುವ ಧೈರ್ಯ ಅವಳಿಗೆ ಬರಲಿಲ್ಲ.

ಹುಡುಕುವುದು ಎಲ್ಲಿ? ಕತ್ತರಿಸಿದ ಟೇಪಿನ ಚೂರುಗಳೆಲ್ಲ ಬುಟ್ಟಿಯಿಂದ ಚೀಲಕ್ಕೆ ಹೋಗುತ್ತಿದ್ದವು; ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಗಾಡಿ ಬಂದು ಚೀಲಗಳನ್ನು ಊರಾಚೆಯ ಕಸದ ಗುಂಡಿಗೆ ಒಯ್ಯುತ್ತಿತ್ತು. ಅವಳು ವಾಪಸ್ಸು ಬಂದು ಕಚೇರಿಯ ಮೆಟ್ಟಿಲು ಹತ್ತಿದಾಗ ಶುಕ್ರವಾರ ಬೆಳಿಗ್ಗೆ ಎಂಟು ಗಂಟೆ. ಆ ಶನಿವಾರ ನಾಳೆಯೇ ಇತ್ತು.

ಮೂರು ಚೀಲಗಳಿದ್ದವು. ಅವಳು ಮೊದಲನೆಯದನ್ನು ನೆಲಕ್ಕೆ ಸುರಿದಾಗ ಧ್ವನಿ ತಂತ್ರಜ್ಞ ಓಡ್‌ಮುಂಡ್ ಬಾಗಿಲಲ್ಲಿ ನಿಂತು ನೋಡಿದ. ಅವನೂ ಕರಾವಳಿಯವನೇ, ದಪ್ಪ ಹೊಟ್ಟೆ, ಸಣ್ಣ ಮಾತು.

“ಏನು ಹುಡುಕ್ತಿದೀಯೆ ಹುಡುಗಿ?”

“ಒಂದು ಹೌದು.”

“ಎಷ್ಟುದ್ದ?”

“ಒಂದು ಗೇಣು.”

ಅವನು ಉಸಿರನ್ನು ಸಣ್ಣಗೆ ಒಳಗೆಳೆದುಕೊಂಡು, ಅಂಗಿಯ ತೋಳು ಮಡಿಸಿ ಕೂತ.

ಗೇಣಿಗಿಂತ ಉದ್ದದ್ದನ್ನೆಲ್ಲ ಪಕ್ಕಕ್ಕಿಟ್ಟರು. ಚಿಕ್ಕದ್ದನ್ನು ಒಂದೊಂದಾಗಿ ಎತ್ತಿ, ಯಂತ್ರದ ಮುಂದೆ ಕೈಯಲ್ಲೇ ಎಳೆದು ಕೇಳಿದರು. ಹ್ಹ. ಹ್ಹೂ. ಶ್. ಒಂದು ತಿಂಗಳು ಅವಳು ಜನರಿಂದ ಕಿತ್ತಿದ್ದೆಲ್ಲ ಅಲ್ಲಿ ಬಿದ್ದಿತ್ತು: ದಾದಿಯೊಬ್ಬಳ ಬಿಕ್ಕು, ಗಣಿ ಕೆಲಸದವನ ಗೂರಲು, ಪಾದ್ರಿಯ ಗಂಟಲು ಕೆರೆತ. “ಇದು ಮೇಯರ್‌ದು,” ಎಂದ ಓಡ್‌ಮುಂಡ್ ಒಂದು ಚೂರನ್ನು ಎತ್ತಿ ಹಿಡಿದು. “ಬರೀ ಗಾಳಿ. ಇದನ್ನ ಇಟ್ಕೊಂಡು ಭಾಷಣ ಬಿಸಾಕ್ಬೇಕಿತ್ತು ನೀನು.” ಅವಳು ನಗಲಿಲ್ಲ. ನಡುನಡುವೆ ಅವಳದೇ ಉಸಿರುಗಳೂ ಬರುತ್ತಿದ್ದವು. ಮೊದಲಿಗೆ ಅವುಗಳ ಗುರುತೇ ಸಿಗಲಿಲ್ಲ. ಯಾರೋ ಹೆದರಿ ಓಡುತ್ತಿರುವ ಹೆಂಗಸಿನ ಹಾಗೆ ಕೇಳಿಸುತ್ತಿದ್ದವು.

ಹತ್ತು ಗಂಟೆ. ಹನ್ನೊಂದು. ಎರಡನೇ ಚೀಲ. ಅವಳು ಏಳುವಳು, ಕೂರುವಳು, ಕೇಳಿದ್ದನ್ನೇ ಮತ್ತೆ ಎತ್ತಿಕೊಳ್ಳುವಳು. ಎಲ್ಲ ಉಸಿರೂ ಒಂದೇ ಥರ ಕೇಳಿಸತೊಡಗಿ ತಲೆ ಸುತ್ತು ಬಂತು.

“ಉಸಿರು ಬಿಡು,” ಎಂದ ಓಡ್‌ಮುಂಡ್. “ಹಿಂದೆ ಏನಿತ್ತು ನೆನಪು ಮಾಡ್ಕೋ. ಯಾವ ಕೋಣೆ?”

“ಅಮ್ಮನ ಅಡುಗೆಮನೆ. ಕೆಟಲು.”

ಆಮೇಲೆ ಅವರು ಉಸಿರನ್ನು ಬಿಟ್ಟು ಕೆಟಲನ್ನು ಹುಡುಕಿದರು. ಮೂರನೇ ಚೀಲದ ತಳದಲ್ಲಿ, ಹನ್ನೆರಡೂವರೆಗೆ, ಅದು ಸಿಕ್ಕಿತು: ತೆಳುವಾದ, ನಡುಗುವ ಸಿಳ್ಳೆ, ಅದರ ಮೇಲೆ ಒಬ್ಬ ಮುದುಕನ ಉಸಿರು. ಹೆರ್ಡಿಸ್ ಮತ್ತೊಮ್ಮೆ ಎಳೆದು ಕೇಳಿದಳು.

ಉಸಿರು ಒಳಗೆ ಹೋಗುತ್ತಿರಲಿಲ್ಲ. ಹೊರಗೆ ಬರುತ್ತಿತ್ತು. ಸೋತು ಕುಸಿದವನ ನಿಟ್ಟುಸಿರು.

“ಅಂದಿಲ್ಲ,” ಎಂದಳು. “ಹೌದು ಅಂದೇ ಇಲ್ಲ ಅವ್ನು. ಅಮ್ಮನಿಗೆ ಹಾಗೆ ಕೇಳಿಸಿದೆ ಅಷ್ಟೆ. ಊರಿನವ್ರು ಹೇಳಿದ್ದೇ ನಿಜ.”

ಓಡ್‌ಮುಂಡ್ ಚೂರನ್ನು ಅವಳ ಬೆರಳುಗಳಿಂದ ಬಿಡಿಸಿಕೊಂಡ. ತುದಿಯ ಓರೆ ಕಚ್ಚನ್ನು ಬೆಳಕಿಗೆ ಹಿಡಿದು ನೋಡಿದ.

“ಇಷ್ಟು ವರ್ಷ ಬ್ಲೇಡು ಹಿಡಿದೋಳು ನೀನು,” ಎಂದ. “ಹಿಂದುಮುಂದು ಹಾಕಿದೀಯ.”

ತುದಿ ಬದಲಿಸಿ, ನಿಧಾನವಾಗಿ, ಎಷ್ಟು ಬೇಕೋ ಅಷ್ಟೇ ವೇಗದಲ್ಲಿ ಎಳೆದ. ಕೆಟಲು ಸಿಳ್ಳೆ ಹಾಕಿತು. ಹಾರ್ಟ್‌ವಿಗ್ ತುಟಿ ಕಿರಿದು ಮಾಡಿ, ಪುಟ್ಟದೊಂದು ಉಸಿರನ್ನು ಒಳಗೆಳೆದುಕೊಂಡ.

ಹೆರ್ಡಿಸ್ ಟೇಪಿನ ರಾಶಿಯ ನಡುವೆ ಕೂತುಬಿಟ್ಟಳು. ಒಂದೆರಡು ನಿಮಿಷ ಅವಳ ಮೈಯಲ್ಲಿ ಏನೂ ಅಲುಗಲಿಲ್ಲ.

ಮುಖ್ಯಸ್ಥ ಪ್ರೆಬೆನ್ ಹೋಲ್ಟೆ ಓಸ್ಲೋದಿಂದ ಬಂದವನು, ಒಳ್ಳೆಯವನೇ, ಆದರೆ ಕಾಲರಿನ ಗುಂಡಿ ಎಂದೂ ಬಿಚ್ಚದವನು. ಅವನು ಚೂರನ್ನು ಮೂರು ಸಲ ಹಾಕಿಸಿ ಕೇಳಿದ.

“ಇದು ಉಸಿರು, ಹೆರ್ಡಿಸ್.”

“ಇದು ಹೌದು.”

“ಉಸಿರಿಗೆ ತಿದ್ದುಪಡಿ ಪ್ರಸಾರ ಮಾಡಿದ್ರೆ ದಕ್ಷಿಣದವ್ರು ಬಿದ್ದು ಬಿದ್ದು ನಗ್ತಾರೆ.”

“ದಕ್ಷಿಣದವ್ರಿಗೋಸ್ಕರ ಅಲ್ಲ. ಮೀನುಗಾರರ ಹವಾಮಾನಕ್ಕೆ ಮುಂಚೆ ಅರ್ಧ ನಿಮಿಷ ಕೊಡಿ. ಆ ಹೊತ್ತಲ್ಲಿ ಇಡೀ ಕರಾವಳೀಲಿ ಯಾರೂ ಕೆಮ್ಮೋದೂ ಇಲ್ಲ. ಕೇಳೋರಿಗೆ ಕೇಳುತ್ತೆ.”

ಹೋಲ್ಟೆ ಕಿಟಕಿಯಾಚೆ ನೋಡಿದ. “ಅರ್ಧ ನಿಮಿಷ. ನಿನ್ನ ಹೆಸರಲ್ಲಿ. ನಗೋದಿದ್ರೆ ನಿನ್ನ ನೋಡಿ ನಗ್ಲಿ.”

“ನಗ್ಲಿ.”

ಮಧ್ಯಾಹ್ನದ ಹವಾಮಾನಕ್ಕೆ ಮುಂಚೆ ಅವಳು ಮೈಕಿನ ಮುಂದೆ ಕೂತಳು. ಬರೆದುಕೊಂಡು ಬಂದಿದ್ದ ಪುಸ್ತಕದ ಮಾತಿನ ಹಾಳೆಯನ್ನು ಮಡಿಸಿ ಕೆಳಗಿಟ್ಟಳು. “ನಾನು ಸ್ಕಾರ್ವಾಯ್‌ನ ಹೆರ್ಡಿಸ್,” ಎಂದಳು, ಆರು ತಿಂಗಳು ಕಷ್ಟಪಟ್ಟು ತೊಳೆದುಕೊಂಡಿದ್ದ ಅದೇ ಊರಿನ ಮಾತಿನಲ್ಲಿ. “ಹೋದ ವಾರ ಹಾರ್ಟ್‌ವಿಗ್ ಕೊಟ್ಟ ಉತ್ತರಾನ ನಾನು ಕತ್ತರಿಸಿಬಿಟ್ಟಿದ್ದೆ. ತಪ್ಪು ನಂದು. ಅವ್ನು ಹೇಳಿದ್ದು ಇದು.” ಆಮೇಲೆ ಟೇಪು ಓಡಿತು. ಪ್ರಶ್ನೆ, ಕೆಟಲು, ಉಸಿರು, ಆಮೇಲೆ ಅವನ ಮಾತು: “ಅಲೆ ಮನೆಯೆತ್ತರ ಇತ್ತು. ಏನೂ ಕಾಣ್ತಿರ್ಲಿಲ್ಲ. ಮನೆಗ್ ಬಂದೆ.” ಅದರ ಬೆನ್ನಿಗೇ ಎಂದಿನ ಗಂಡಸಿನ ದನಿ ನೈರುತ್ಯದ ಗಾಳಿಯ ಲೆಕ್ಕ ಓದತೊಡಗಿತು.

ಅವಳ ಮುಂದಿನ ಮೂವತ್ತು ವರ್ಷವನ್ನು ಇಲ್ಲೇ ಹೇಳಿಬಿಟ್ಟರೆ ಒಳ್ಳೆಯದು, ಆ ಮಧ್ಯಾಹ್ನಕ್ಕೆ ತಿರುಗಿ ಬರುವುದಂತೂ ಇದ್ದೇ ಇದೆ. ದಕ್ಷಿಣದವರು ನಕ್ಕರು. ಒಂದು ಪತ್ರಿಕೆ ಮೂಗಿನಲ್ಲಿ ಸುದ್ದಿ ಓದುವ ಹೆಂಗಸಿನ ಚಿತ್ರ ಬರೆಯಿತು. ಅವಳು ಅದನ್ನು ಕತ್ತರಿಸಿ ಮೇಜಿನ ಮೇಲೆ ಅಂಟಿಸಿಕೊಂಡಳು. ಮದುವೆ ಒಂದಾಯಿತು, ಮೂರು ವರ್ಷ ನಡೆಯಿತು. ಗಂಡ ಪಾಪದವನು, ಮನೆಯಲ್ಲಿ ಕೂರುವ ಹೆಂಡತಿಯನ್ನು ಕೇಳಿದ್ದ. ಗಣಿಗಳ ಊರು, ಹಿಮಸಾರಂಗ ಕಾಯುವವರ ಬಿಡಾರ, ಮುಚ್ಚಿದ ಮೀನು ಕಾರ್ಖಾನೆ, ಎಲ್ಲ ಕಡೆ ಅವಳು ರೆಕಾರ್ಡರ್ ಹೊತ್ತು ತಿರುಗಿದಳು. ಮೊಣಕಾಲು ಕೊನೆಯವರೆಗೂ ನಿಲ್ಲಲಿಲ್ಲ. ಬ್ಲೇಡು ಮಾತ್ರ ನಿಧಾನವಾಯಿತು. ಹೊಸಬರು ಆಡಿಕೊಂಡು ನಗುತ್ತಿದ್ದರು: “ಹೆರ್ಡಿಸಕ್ಕನ ಕಾರ್ಯಕ್ರಮ ಬಂತು ಅಂದ್ರೆ ರೇಡಿಯೋ ಬೆಟ್ಟ ಹತ್ತಿದ ಹಾಗೆ ಏದುಸಿರು ಬಿಡುತ್ತೆ.” ಕತ್ತರಿಸುವ ಮುಂಚೆ ಪ್ರತಿ ಉಸಿರನ್ನೂ ಎರಡು ಸಲ ಕೇಳುವುದು ಅವಳ ನಿಯಮವಾಗಿತ್ತು. ಇದರಿಂದ ಕೆಲಸ ಯಾವಾಗಲೂ ತಡವಾಗುತ್ತಿತ್ತು, ಬೈಗುಳ ಯಾವಾಗಲೂ ಇರುತ್ತಿತ್ತು.

ಇನ್ನು ಆ ಮಧ್ಯಾಹ್ನ. ಹವಾಮಾನ ಮುಗಿದು ಒಂದು ಗಂಟೆಯಾದರೂ ಫೋನು ಬರಲಿಲ್ಲ. ಹೆರ್ಡಿಸ್ ಫೋನಿನಿಂದ ಬಾಗಿಲಿಗೆ, ಬಾಗಿಲಿಂದ ಫೋನಿಗೆ ನಡೆದಳು. ಓಡ್‌ಮುಂಡ್ ನೆಲದ ಟೇಪುಗಳನ್ನು ಚೀಲಕ್ಕೆ ತುಂಬುತ್ತ, “ನೀನು ನಡೆದ್ರೆ ಅದು ಬೇಗ ಬಡ್ಕೊಳ್ಳಲ್ಲ,” ಎಂದ. ಆಗಲೇ ಬಡಿದುಕೊಂಡಿತು.

“ಸ್ಕಾರ್ವಾಯ್‌ನಿಂದ ಕರೆ,” ಎಂದಳು ವಿನಿಮಯ ಕೇಂದ್ರದ ಆಪರೇಟರ್, ದಕ್ಷಿಣದ ಉಚ್ಚಾರದಲ್ಲಿ.

“ಪೆಟ್ರೀನ ಮಾತಾಡ್ತಿರೋದು,” ಎಂದಿತು ದೂರದ ದನಿ. “ಕೇಳ್ದೆ. ಅಂಗಡಿ ಬಾಗಿಲು ಹಾಕ್ಕೊಂಡು ಹೋದೆ, ಅವ್ನ ಮನೇಗೆ. ಬರಲ್ಲ ಅಂದ. ಬರದಿದ್ರೆ ಪಕ್ಕದ ದ್ವೀಪದವ್ರು ಕಾಫಿ ಅಂತ ಏನು ಮಾರ್ತಾರೋ ಅದನ್ನೇ ಕುಡ್ಕೊಂಡು ಸಾಯಿ ಅಂದೆ. ಬಂದ. ತಗೋ, ಇಲ್ಲೇ ನಿಂತಿದಾನೆ.”

ಫೋನು ಕೈ ಬದಲಾಯಿಸಿದ ಸದ್ದು. ಅಂಗಡಿಯ ಒಲೆ ಚಟಪಟ ಎನ್ನುವುದು ಕೇಳಿಸಿತು, ಯಾರೋ ಬೆಂಚು ಎಳೆದಿದ್ದು ಕೇಳಿಸಿತು. ಬೇರೇನೂ ಇಲ್ಲ.

“ಮಾವ?” ಎಂದಳು ಹೆರ್ಡಿಸ್. “ಬೆಂಚಿನ ಮೇಲೆ ಜಾಗ ಕೊಟ್ರಾ?”

ತಂತಿಯ ಆ ತುದಿಯಲ್ಲಿ ಉಸಿರೊಂದು ಸಣ್ಣಗೆ ಒಳಗೆ ಹೋಯಿತು.

“ಸಿಟ್ಟು ಹೋಯ್ತಾ ನನ್ಮೇಲೆ?”

ಬಹಳ ಹೊತ್ತು ಏನೂ ಇಲ್ಲ. ಬರೀ ಒಲೆಯ ಚಟಪಟ. ನಡುವೆ ಆಪರೇಟರ್ ಬಾಯಿ ಹಾಕಿದಳು: “ಮೇಡಂ, ಆ ಕಡೆ ಯಾರೂ ಮಾತಾಡ್ತಿಲ್ಲ. ಲೈನು ಕತ್ತರಿಸ್ಲಾ?”

“ಕತ್ತರಿಸ್ಬೇಡಿ,” ಎಂದಳು ಹೆರ್ಡಿಸ್, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕುರ್ಚಿ ಎಳೆದುಕೊಂಡು ಕೂರುತ್ತ. “ಮಾತಾಡೋರಿದಾರೆ. ನಾನು ಕಾಯ್ತೀನಿ.”